ಬ್ರಹ್ಮಾವರದಲ್ಲಿ ಯಾರೂ ಇಳಿಯಲಿಲ್ಲ

ಮೊದಲು ಗೊತ್ತಾದದ್ದು ಬೆಕ್ಕಿಗೆ.

ನನ್ನ ಹೆಂಡತಿ ಬಾವಿಕಟ್ಟೆಯ ಹತ್ತಿರ ಬಂಗುಡೆ ಮೀನು ಕೊಯ್ಯುತ್ತ ಕುಳಿತಿದ್ದಳು. ಕಾಲಡಿಯಲ್ಲಿ ಮೆಟ್ಟುಕತ್ತಿ, ಪಕ್ಕದಲ್ಲಿ ನೀರಿನ ಚೊಂಬು. ನಮ್ಮ ಓಣಿಯ ಕಂದು ಬೆಕ್ಕು ದಿನವೂ ಮಾರು ದೂರದಲ್ಲಿ ಕುಳಿತು ಕಾಯುತ್ತದೆ. ಹತ್ತಿರ ಬರುವ ಧೈರ್ಯ ಇಲ್ಲ, ಅವಳ ಕೈಯ ಗುರಿ ಅದಕ್ಕೆ ಗೊತ್ತು. ಅವತ್ತು ಅದು ಎದ್ದು ಬಂತು. ಕದ್ದು ಬಂದದ್ದಲ್ಲ, ಮದುವೆಗೆ ಕರೆದವರ ಹಾಗೆ ಬಂತು. ಅವಳ ಎದುರಿನ ಪಾತ್ರೆಯಿಂದಲೇ ಒಂದು ಬಂಗುಡೆ ಕಚ್ಚಿಕೊಂಡು ಹೋಯಿತು.

ಅವಳು ನೋಡುತ್ತ ಕುಳಿತಿದ್ದಳು.

ನಾನು ಜಗಲಿಯಲ್ಲಿ ಪೇಪರ್ ಓದುತ್ತಿದ್ದೆ. ಇಂಥ ಅವಕಾಶ ಬಿಡುವ ಜನ ನಾನಲ್ಲ.

"ಹ್ವಾಯ್, ಇವತ್ತ್ ಬೆಕ್ಕಿಗೆ ಬಾಳೆಲೆ ಹಾಕಿ ಬಡ್ಸುದಾ?" ಎಂದು ಕೂಗಿದೆ.

ಅವಳು ತಿರುಗಿದಳು. ಬಾಯಿಯ ಒಂದು ಬದಿ ಕೆಳಗೆ ಜಾರಿತ್ತು. ಒಂದು ಕಣ್ಣು ಅರ್ಧ ಮುಚ್ಚಿತ್ತು.

ಇಲ್ಲಿ ನಿಮಗೊಂದು ವಿಷಯ ಹೇಳಬೇಕು. ನಾನು ಬೈಂದೂರಿನಿಂದ ಉಡುಪಿಗೆ ಹೋಗುವ ಲೈನಿನಲ್ಲಿ ಪ್ರೈವೇಟ್ ಬಸ್ಸಿನ ಕಂಡಕ್ಟರ್ ಆಗಿದ್ದವ. ಬಸ್ಸಿನಲ್ಲಿ ಮಗು ಅತ್ತರೆ ನಾನೊಂದು ಮುಖ ಮಾಡುತ್ತಿದ್ದೆ. ಬಾಯಿಯ ಅರ್ಧ ಕೆಳಗೆ ಬಿಟ್ಟು, ಒಂದು ಕಣ್ಣು ಅರ್ಧ ಮುಚ್ಚಿ. ಅದಕ್ಕೆ ಹಾಫ್ ಟಿಕೆಟ್ ಮುಖ ಎಂದು ಹೆಸರು. ಹೆಸರಿಟ್ಟವನೂ ನಾನೇ. ಆ ಮುಖ ನೋಡಿ ಅಳು ನಿಲ್ಲಿಸದ ಮಗು ಈ ಹೆದ್ದಾರಿಯ ಎರಡೂ ಬದಿಯಲ್ಲಿ ಇನ್ನೂ ಹುಟ್ಟಿಲ್ಲ. ಆದರೆ ನನ್ನ ಹೆಂಡತಿ ಮಾತ್ರ ಆ ಮುಖಕ್ಕೆ ಎದುರಿಗೆ ನಿಂತು ನಕ್ಕವಳಲ್ಲ. ನಗು ಬಂದರೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆ ಮನೆಗೆ ಹೋಗಿಬಿಡುತ್ತಿದ್ದಳು. ಅಲ್ಲಿಂದ ಸುಮ್ಮನೆ ಪಾತ್ರೆಯ ಸದ್ದು ಕೇಳುತ್ತಿತ್ತು. ಅಂಥವಳು ಈಗ ಬಾವಿಕಟ್ಟೆಯಲ್ಲಿ ಕುಳಿತು ನನಗೇ ಹಾಫ್ ಟಿಕೆಟ್ ಮುಖ ಮಾಡಿ ತೋರಿಸುತ್ತಿದ್ದಾಳೆ ಎಂದು ಎಣಿಸಿದೆ. ಮದುವೆಯಾದಂದಿನಿಂದ ನನ್ನ ತಮಾಷೆಗೆ, ಮಸ್ಕಿರಿಗೆ, ಅವಳು ಕೊಟ್ಟ ಮೊದಲ ಉತ್ತರ! ನನಗೆ ಎಷ್ಟು ಖುಷಿಯಾಯಿತೆಂದರೆ, ನಾನೂ ಅದೇ ಮುಖ ತಿರುಗಿ ಮಾಡಿದೆ.

ಅವಳು ಬದಿಗೆ ವಾಲಿ ಬಿದ್ದಳು.

ಅವಳು ಬಿದ್ದ ಮೇಲೂ ನನ್ನ ಬಾಯಿ ಒಂದು ಗಳಿಗೆ ಹಾಗೆಯೇ ಇತ್ತು. ಅದನ್ನು ಸರಿ ಮಾಡಿಕೊಳ್ಳುವುದು ಮರೆತೇಹೋಗಿತ್ತು.

ಆಮೇಲೆ ಓಡಿದೆ. ಎತ್ತಿದೆ. ಅವಳು ಏನೋ ಹೇಳುತ್ತಿದ್ದಳು, ಮಾತಲ್ಲ, ಬಾಯಲ್ಲಿ ಅನ್ನ ಇಟ್ಟುಕೊಂಡವರ ಸದ್ದು. ಬಲಗೈ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಕೈಯಲ್ಲಿ ಮೀನಿನ ಪೊರೆ ಅಂಟಿತ್ತು. ನಾನು ಕೂಗಿದ ಕೂಗಿಗೆ ಪಕ್ಕದ ಮನೆಯ ರಿಕ್ಷಾ ಸುರೇಶ ಬೇಲಿ ಹಾರಿ ಬಂದ. ಬರುವಾಗ ಅವನ ಮುಖದಲ್ಲಿ ನಗು ಇತ್ತು.

"ಕಂಡಕ್ಟ್ರಣ್ಣ, ಇದ್ ಎಂತ ಹೊಸ ಮಸ್ಕಿರಿ?"

ನನ್ನ ಮುಖ ನೋಡಿದ. ತಿರುಗಿ ಬೇಲಿ ಹಾರಿದ. ರಿಕ್ಷಾ ತಂದ.

ನಮ್ಮ ಮನೆ ಕೋಟೇಶ್ವರದಲ್ಲಿ. ಕುಂದಾಪುರ ದೂರವೇನಲ್ಲ. ಆ ರಸ್ತೆಯಲ್ಲಿ ಎಷ್ಟು ಸಾವಿರ ಸಲ ಹೋಗಿದ್ದೇನೋ ಲೆಕ್ಕ ಇಟ್ಟವರಿಲ್ಲ. ಅವತ್ತು ಅದು ಮುಗಿಯಲಿಲ್ಲ. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಸುರೇಶ ಹಾರ್ನಿನಿಂದ ಕೈ ತೆಗೆಯಲಿಲ್ಲ.

ಕ್ಯಾಶುವಾಲ್ಟಿಯಲ್ಲಿ ಸ್ಟ್ರೆಚರ್ ತಂದರು. ನೀಲಿ ಯೂನಿಫಾರ್ಮಿನ ಒಬ್ಬಳು ನರ್ಸ್ ಬಂದು ಅವಳ ತಲೆಯ ಕೆಳಗೆ ಕೈ ಕೊಟ್ಟು, ನನ್ನ ತೊಡೆಯಿಂದ ದಿಂಬಿಗೆ ದಾಟಿಸಿದಳು. ನಮ್ಮ ಮಗಳು ಪ್ರತಿಮಾ ತೊಟ್ಟಿಲಲ್ಲಿದ್ದಾಗ ನಿದ್ದೆ ಕೆಡದ ಹಾಗೆ ಎತ್ತುತ್ತಿದ್ದೆವಲ್ಲ, ಹಾಗೆ.

"ಅಮ್ಮನ ಹೆಸ್ರ್ ಎಂತ?"

ನನ್ನ ಬಾಯಿಂದ ಹೊರಡಲಿಲ್ಲ.

ಗಾಬರಿಯಿಂದ ಅಲ್ಲ. ನಮ್ಮಂಥ ಹಳಬರ ಮನೆಯಲ್ಲಿ ಗಂಡ ಹೆಂಡತಿ ಪರಸ್ಪರ ಹೆಸರು ಹಿಡಿದು ಕರೆಯುವ ಕ್ರಮ ಇಲ್ಲ. ಅವಳು ನನಗೆ ಹ್ವಾಯ್, ನಾನು ಅವಳಿಗೆ ಹ್ವಾಯ್. ಬೇರೆಯವರ ಎದುರು ಹೇಳುವುದಾದರೆ ಅವಳು ಬರೀ 'ಅದು'. ನಮ್ಮ ಊರಲ್ಲಿ ಎಲ್ಲರೂ ಎಲ್ಲರಿಗೂ ಹ್ವಾಯ್ ಎನ್ನುತ್ತಾರೆ ನಿಜ, ಆದರೆ ನನ್ನ ಹ್ವಾಯ್‌ಗೆ ಒಂದು ರಾಗ ಇತ್ತು, ಕೊನೆಯಲ್ಲಿ ಸ್ವಲ್ಪ ಏರಿ ನಿಲ್ಲುವುದು. ಕುಂದಾಪುರ ಸಂತೆಯ ಗದ್ದಲದಲ್ಲೂ ಅವಳು ಅದಕ್ಕೇ ತಿರುಗುತ್ತಿದ್ದಳು. ಅವಳ ಹೆಸರು ನಾನು ಹೇಳಿದ್ದು ರೇಷನ್ ಕಾರ್ಡಿನವರ ಎದುರು, ಬ್ಯಾಂಕಿನವರ ಎದುರು, ಅಷ್ಟೇ.

"ಸುಶೀಲ," ಎಂದೆ. ಬೇರೆ ಯಾರದೋ ಹೆಸರು ಹೇಳಿದ ಹಾಗಾಯಿತು.

ಡಾಕ್ಟರು ಚಿಕ್ಕ ಪ್ರಾಯದವರು, ಒಳ್ಳೆಯವರು. ಕಣ್ಣಿಗೆ ಟಾರ್ಚ್ ಬಿಟ್ಟರು. ಕೈಕಾಲು ಎತ್ತಿ ನೋಡಿದರು. "ಸುಶೀಲಮ್ಮಾ, ಕಣ್ಣು ಬಿಡಿ. ಸುಶೀಲಮ್ಮಾ!" ಎಂದು ಗಟ್ಟಿಯಾಗಿ ಕರೆದರು. ಅವಳು ಅಲುಗಲಿಲ್ಲ. ಬಿಪಿ ನೋಡಿ ಅವರ ಹುಬ್ಬು ಗಂಟಾಯಿತು.

ನಾನು ಸುಮ್ಮನಿರಬೇಕಿತ್ತು. ಸುಮ್ಮನಿದ್ದು ಅಭ್ಯಾಸ ಇಲ್ಲ.

"ಡಾಕ್ಟ್ರೆ, ಅದ್ ನಾನ್ ಕರದ್ರೂ ಮೊದಲ್ನೇ ಸಲಕ್ಕೆ ಓ ಅಂಬುದಿಲ್ಲ. ಉಪ್ಪಿನ್ಕಾಯ್ ಭರಣಿ ಮುಚ್ಚಳ್ದಾಂಗೆ, ಎರಡ್ಮೂರ್ ಸಲ ತಿರ್ಸ್ಕ್," ಎಂದೆ.

ಯಾರೂ ನಗಲಿಲ್ಲ. ಬೈಂದೂರಿನಿಂದ ಉಡುಪಿಯವರೆಗೆ ನನ್ನ ಮಾತಿಗೆ ನಗದವನಿದ್ದರೆ ಅವನಿಗೆ ಹಲ್ಲಿಲ್ಲ ಎಂದು ಲೆಕ್ಕ. ಅಂಥ ನನ್ನ ಮಾತು ಆ ಕೋಣೆಯ ನೆಲಕ್ಕೆ ಬಿದ್ದು ಅಲ್ಲೇ ಉಳಿಯಿತು.

ನರ್ಸ್ ನನ್ನ ಕಡೆ ನೋಡಿದಳು. ಗದರುವ ನೋಟವಲ್ಲ.

"ಮನೆಲ್ ಎಂತ ಅಂದ್ ಕರೀತ್ರಿ ಇವ್ರನ್ನ?"

"ಎಂತದೂ ಇಲ್ಲ. ಹ್ವಾಯ್ ಅಂಬುದ್."

"ಹಾಂಗಾರೆ ಹಾಂಗೇ ಕರೀನಿ. ಇಲ್ಲ್ ಬನ್ನಿ, ಕೆಮಿ ಹತ್ರ."

ನಾನು ಬಗ್ಗಿದೆ. ಅಷ್ಟು ಜನರ ಎದುರು ಅವಳ ಕಿವಿಯ ಹತ್ತಿರ ನಾನು ಬಗ್ಗಿದ್ದು ಅದೇ ಮೊದಲು. ನಾಚಿಕೆಯೂ ಆಯಿತು, ನೋಡಿ, ಅಂಥ ಹೊತ್ತಿನಲ್ಲೂ.

"ಹ್ವಾಯ್."

ಅವಳು ಕಣ್ಣು ಬಿಟ್ಟಳು.

ಪೂರ್ತಿ ಅಲ್ಲ. ಆದರೆ ಬಿಟ್ಟಳು. ಎಡಗಣ್ಣು ನನ್ನನ್ನು ಹುಡುಕಿತು, ನಾನು ಸಿಕ್ಕಿದೆ, ಮತ್ತೆ ಮುಚ್ಚಿಕೊಂಡಿತು. ಡಾಕ್ಟರು "ಒಳ್ಳೆಯದಾಯ್ತು" ಎಂದು ಬರೆದುಕೊಂಡು ಸಿ.ಟಿ. ಸ್ಕ್ಯಾನಿಗೆ ಹೇಳಿದರು. ಸ್ಟ್ರೆಚರ್ ಹೋಯಿತು. ಅದರ ಹಿಂದೆ ಹೊರಟ ನನ್ನನ್ನು ನರ್ಸ್ ಹಿಡಿದು ನಿಲ್ಲಿಸಿದಳು.

"ಹ್ವಾಯ್, ನಿಮ್ ಕಾಲ್ ಕಾಣಿ."

ನೆಲದ ಮೇಲೆ ಬಾಗಿಲಿನಿಂದ ಮಂಚದವರೆಗೆ ಕೆಂಪು ಹೆಜ್ಜೆ ಇತ್ತು. ನನ್ನದೇ. ಓಡುವಾಗ ಮೆಟ್ಟುಕತ್ತಿ ತುಳಿದಿದ್ದೆ. ಚಪ್ಪಲಿ ಹಾಕಿಕೊಂಡಿರಲಿಲ್ಲ. ನೋವು ಅನ್ನುವುದು ಅವಳು ಹೇಳಿದ ಮೇಲೆ ಶುರುವಾಯಿತು.

ಬೆಂಚಿನ ಮೇಲೆ ಕೂರಿಸಿ, ತಾನು ನೆಲದಲ್ಲಿ ಕುಕ್ಕರಗಾಲಲ್ಲಿ ಕುಳಿತು ನನ್ನ ಪಾದ ತೊಳೆದಳು. ಬೇಡ ಎಂದೆ. ಮೊಮ್ಮಗಳ ಪ್ರಾಯದವಳು ಕಾಲು ಮುಟ್ಟುವುದು ಸರಿಯಲ್ಲ ಎಂದೆ. "ಅಜ್ಜ, ಸುಮ್ನೆ ಕೂಕಣಿ," ಎಂದಳು.

"ಅಜ್ಜನಾ? ಯಾರಿಗ್ ಹೇಳ್ದೆ? ನಿಮ್ ಡಾಕ್ಟ್ರನ್ನ ಓಡ್ಸಿ ಕಾಂಬ ನನ್ನೊಟ್ಟಿಗೆ."

"ಒಂದ್ ಕಾಲಲ್ಲಾ?"

ನನಗೆ ಮಾತು ತಿರುಗಿಸಿ ಕೊಡುವವರು ಬಹಳ ಕಡಿಮೆ. ಹೆಸರು ಕೇಳಿದೆ. ಶರ್ಮಿಳಾ, ಊರು ಉಪ್ಪುಂದ. ಅವಳ ತಾಯಿ ಮೀನು ಮಾರುವವಳಂತೆ. ಬುಟ್ಟಿ ಹಿಡಿದು ನನ್ನ ಬಸ್ಸಿಗೇ ಹತ್ತುತ್ತಿದ್ದಳಂತೆ. "ಮೀನಿಗೆ ಹಾಫ್, ಬುಟ್ಟಿಗೆ ಫುಲ್ ಅಂದ್ ಟಿಕೆಟ್ ಕೇಂತಿದ್ರ್ ಅಂಬ್ರಪ್ಪ. ಅದ್ ನೀವೇ ಅಲ್ದಾ?" ಎಂದಳು. ನಾನೇ ಎಂದೆ. ಎದೆ ಉಬ್ಬಿತು. ಎಲ್ಲಿ ಕುಳಿತಿದ್ದೇನೆ ಎಂಬುದು ಒಂದು ಗಳಿಗೆ ಮರೆತು, ಶುರು ಹಚ್ಚಿದೆ. ತೆಕ್ಕಟ್ಟೆಯಲ್ಲಿ ನಿದ್ದೆ ಹೋಗಿದ್ದ ಮೇಷ್ಟ್ರನ್ನು "ಮಂಗಳೂರು ಬಂತು" ಎಂದು ಎಬ್ಬಿಸಿ ಇಳಿಸಿದ್ದು, ಅವರು ಸ್ವಂತ ಊರಿನಲ್ಲಿ ನಿಂತು ದಾರಿ ಕೇಳಿದ್ದು, ಎಲ್ಲ.

ಅವಳು ಬ್ಯಾಂಡೇಜ್ ಸುತ್ತುತ್ತ ಕೇಳುತ್ತಿದ್ದಳು. ಆ ಓಘದಲ್ಲಿ ನಾನು ಯಾರಿಗೂ ಹೇಳದ ಒಂದು ವಿಷಯ ಹೇಳಿಬಿಟ್ಟೆ. ನನ್ನ ಹೆಂಡತಿ ಸಂತೆ ಮುಗಿಸಿ ನನ್ನ ಬಸ್ಸಿನಲ್ಲೇ ಕೋಟೇಶ್ವರಕ್ಕೆ ಬರುತ್ತಿದ್ದಳು. ಇಳಿಯುವುದು ಎಲ್ಲರಿಗಿಂತ ಕೊನೆಗೆ. ಚೀಲ ಹಿಡಿದು, ಸೆರಗು ಸುತ್ತಿ, ಮೆಟ್ಟಿಲ ಮೇಲೆ ಒಂದು ಕಾಲು, ಆಮೇಲೆ ಇನ್ನೊಂದು. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ, ಪ್ರಯಾಣಿಕರು ಕುಶಾಲು ಮಾಡುತ್ತಿದ್ದರು. ಅವಳ ಎರಡೂ ಕಾಲು ನೆಲ ಮುಟ್ಟುವ ತನಕ ನಾನು ರೈಟ್ ಹೇಳುತ್ತಿರಲಿಲ್ಲ. ನನ್ನ ಸರ್ವಿಸಿನಲ್ಲಿ ಬಸ್ಸು ಲೇಟಾದರೆ ಅದಕ್ಕೇ ಲೇಟಾದದ್ದು.

"ಅಮ್ಮಂಗೆ ಗೊತ್ತಿತ್ತಾ?" ಎಂದು ಕೇಳಿದಳು.

"ಎಂತದ್?"

"ನೀವ್ ಕಾಯ್ತಿದ್ದದ್."

ನಾನು ಸ್ಟ್ರೆಚರ್ ಹೋದ ಬಾಗಿಲ ಕಡೆ ನೋಡಿದೆ. ಮಾತಿನ ನಡುನಡುವೆ ಅತ್ತಲೇ ನೋಡುತ್ತಿದ್ದೆ. ಅವಳು ಅದನ್ನು ಮೊದಲೇ ನೋಡಿರಬೇಕು. ನಾನು ಮಾತಾಡುತ್ತ ಇರಲಿ ಎಂದು ಬ್ಯಾಂಡೇಜನ್ನು ನಿಧಾನವಾಗಿ ಸುತ್ತುತ್ತಿದ್ದಳು ಎಂದು ಈಗ ಅನಿಸುತ್ತದೆ.

ಡಾಕ್ಟರು ಬಂದರು. ಮಿದುಳಿನಲ್ಲಿ ರಕ್ತಸ್ರಾವ. ದೊಡ್ಡದು. ಆಪರೇಷನ್ ಬೇಕಾಗಬಹುದು, ಅದಕ್ಕೆ ಬೇಕಾದ ಡಾಕ್ಟರು ಇಲ್ಲಿಲ್ಲ, ಕೂಡಲೇ ತೆಂಕಿಗೆ, ಉಡುಪಿ ಕಡೆಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಮಗಳು ಪ್ರತಿಮಾಗೆ ಫೋನ್ ಮಾಡಿದೆ. ಅವಳನ್ನು ಕೊಟ್ಟದ್ದು ಅಮಾಸೆಬೈಲಿಗೆ. "ಅಪ್ಪಯ್ಯ, ಇವತ್ತಾರೂ ಮಸ್ಕಿರಿ ಮಾಡ್ಬೇಡಿ," ಎಂದಳು. ಫೋನನ್ನು ಶರ್ಮಿಳಾ ಇಸಿದುಕೊಂಡು ಮಾತಾಡಿದಳು. ಮಗಳು ಸೀದ ಅಲ್ಲಿಗೇ ಬರುವುದೆಂದಾಯಿತು.

ಆಂಬುಲೆನ್ಸಿನಲ್ಲಿ ಒಬ್ಬ ನರ್ಸ್ ಹೋಗಬೇಕು. ಶರ್ಮಿಳಾ ಹತ್ತಿದಳು. ಹತ್ತುವ ಮೊದಲು ನಾನು ಕೇಳಿದೆ.

"ಮಗಾ, ಗುಣ ಆತ್ತಾ?"

"ಗೊತ್ತಿಲ್ಲೆ. ನಾನ್ ಸುಳ್ ಹೇಳೂದಿಲ್ಲ. ಈಗ ಉಸ್ರ್ ಇತ್ತ್. ಅದನ್ ಅಲ್ಲಿಗ್ ಮುಟ್ಸುವ."

ಅವಳು ಹಾಗೆ ಹೇಳಿದ್ದಕ್ಕೆ ನನಗೆ ಸಿಟ್ಟು ಬಂದಿತ್ತು. ಈಗ ನೆನಪಾದರೆ, ಆ ದಿನಗಳಲ್ಲಿ ನನಗೆ ಸಿಕ್ಕಿದ ಮಾತುಗಳಲ್ಲಿ ಕಾಲೂರಿ ನಿಲ್ಲಬಹುದಾದದ್ದು ಅದೊಂದೇ.

ಬಾಗಿಲು ಮುಚ್ಚಿತು. ಸೈರನ್ ಶುರುವಾಯಿತು. ನನ್ನ ಹೆಂಡತಿಯ ಮೂಗಿಗೆ ಆಕ್ಸಿಜನ್ ಮಾಸ್ಕ್, ಕೈಗೆ ಡ್ರಿಪ್. ಶರ್ಮಿಳಾ ತಲೆಯ ಹತ್ತಿರ, ನಾನು ಕಾಲಿನ ಹತ್ತಿರ.

"ಮಾತಾಡ್ತಾ ಇರಿ. ಕೇಂತಿರ್ತ್ ಅವ್ರಿಗೆ."

ನನ್ನ ಬಾಯಿ ಕಟ್ಟಿತು.

ನೀವು ನಂಬಲಿಕ್ಕಿಲ್ಲ. ನಾನೇ ನಂಬಲಿಲ್ಲ. ಹುಟ್ಟಿದಂದಿನಿಂದ ಮಾತನ್ನೇ ಉಟ್ಟು ಹೊದ್ದವನು ನಾನು. ಸಾವಿನ ಮನೆಯಲ್ಲೂ ಜನರನ್ನು ನಗಿಸಿ ಬೈಸಿಕೊಂಡವನು. ಅವತ್ತು ನನ್ನ ಹೆಂಡತಿಗೆ ಹೇಳಲು ಒಂದು ಮಾತು ಸಿಗಲಿಲ್ಲ. ಇಷ್ಟು ವರ್ಷ ಅವಳೊಂದಿಗೆ ಆಡಿದ್ದೆಲ್ಲ ಬರೀ ಚೇಷ್ಟೆಯೇ. ಅದನ್ನು ತೆಗೆದರೆ ಒಳಗೆ ಬೇರೆ ಮಾತು ಇರಲಿಲ್ಲ, ಅಥವಾ ಇದ್ದದ್ದು ಹೊರಗೆ ಬಂದು ಅಭ್ಯಾಸ ಇರಲಿಲ್ಲ. ಸುಮ್ಮನೆ ಅವಳ ಪಾದ ಹಿಡಿದು ಕುಳಿತೆ.

ಶರ್ಮಿಳಾ ಕಾದಳು. ಒತ್ತಾಯ ಮಾಡಲಿಲ್ಲ. ಆಮೇಲೆ ಮಾಸ್ಕ್ ಸರಿ ಮಾಡುತ್ತ ಹೇಳಿದಳು.

"ನೀವ್ ಕಂಡಕ್ಟ್ರ್ ಅಲ್ದಾ? ಸ್ಟಾಪ್ ಕರೀನಿ. ಅಮ್ಮಂಗೆ ಎಲ್ಲಿಗ್ ಮುಟ್ಟಿತ್ ಅಂದಾರೂ ಗೊತ್ತಾಯ್ಲಿ."

ಪರದೆ ಸರಿಸಿ ಹೊರಗೆ ನೋಡಿದೆ. ನಮ್ಮ ಊರೇ ಬರುತ್ತಿತ್ತು. ಕುಂದಾಪುರದಿಂದ ತೆಂಕಿಗೆ ಹೋಗುವವರು ಕೋಟೇಶ್ವರ ದಾಟಿಯೇ ಹೋಗಬೇಕು. ಗಂಟಲು ಸರಿ ಮಾಡಿಕೊಂಡು ಕರೆದೆ.

"ಕೋಟೇಶ್ವರಾ... ಕೋಟೇಶ್ವರ, ಕೋಟೇಶ್ವರ!"

ನನ್ನ ಹೆಂಡತಿಯ ಎಡಗೈ ಎದ್ದಿತು.

ಎದೆಯ ಮೇಲೆ ಹುಡುಕಿತು. ಹೊದಿಸಿದ್ದ ಬಟ್ಟೆಯ ಅಂಚನ್ನು ಹಿಡಿದು ಭುಜದ ಕಡೆ ಎಳೆಯಿತು. ಇಳಿಯುವ ಮೊದಲು ಸೆರಗು ಸುತ್ತುವ ಹಾಗೆ. ತಲೆ ದಿಂಬಿನಿಂದ ಸ್ವಲ್ಪ ಮೇಲೆ ಬಂತು. ಅವಳು ಏಳಲು ನೋಡುತ್ತಿದ್ದಳು. ಅವಳ ಸ್ಟಾಪ್ ಬಂದಿತ್ತು.

ನಾನು ಡ್ರೈವರಿಗೆ ನಿಲ್ಲಿಸು ಎಂದು ಕೂಗುವವನಿದ್ದೆ. ಸತ್ಯ ಹೇಳುತ್ತೇನೆ. ಅಲ್ಲೇ ಇಳಿದು, ಓಣಿಯಲ್ಲಿ ನಡೆದು, ಬಾವಿಕಟ್ಟೆಗೆ ಹೋಗಿ, ಅರ್ಧ ಕೊಯ್ದ ಮೀನು ಪೂರ್ತಿ ಮಾಡಿಸಿಬಿಟ್ಟರೆ ಎಲ್ಲ ಸರಿಯಾಗುತ್ತದೆ ಎಂದು ಆ ಕ್ಷಣ ನನಗೆ ಅನಿಸಿತ್ತು.

ಶರ್ಮಿಳಾ ಆ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬಗ್ಗಿ ಅವಳ ಕಿವಿಯಲ್ಲಿ ಹೇಳಿದಳು.

"ಇವತ್ತ್ ಇಲ್ಲಿ ಇಳೂದಲ್ಲ ಅಮ್ಮ. ಸ್ವಲ್ಪ ಮುಂದ್ ಹೋಯ್ ಬಪ್ಪ. ನಾನೂ ಇದ್ದೆ, ಇವ್ರೂ ಇದ್ರ್."

ಕೈ ಸುಮ್ಮನಾಯಿತು. ಮನೆ ಹಿಂದೆ ಹೋಯಿತು.

ಆಮೇಲೆ ನಾನು ನಿಲ್ಲಿಸಲಿಲ್ಲ. ಕುಂಭಾಶಿ. ತೆಕ್ಕಟ್ಟೆ. "ಇಲ್ಲೇ ಕಾಣ್ ಆ ಮೇಷ್ಟ್ರನ್ನ ಇಳ್ಸದ್" ಎಂದೆ. ಕೋಟ. ಸಾಲಿಗ್ರಾಮ. ಸಾಸ್ತಾನ. ಪ್ರತಿ ಸ್ಟಾಪಿನಲ್ಲೂ ಕೇಳುತ್ತಿದ್ದೆ, ಇಳಿವೋರ್ ಯಾರಿದ್ರಿ, ಬೇಗ ಬೇಗ. ಶರ್ಮಿಳಾ "ಯಾರೂ ಇಲ್ಲ, ರೈಟ್" ಎನ್ನುತ್ತಿದ್ದಳು. ಆಟಕ್ಕೆ ಹೇಳಿದ ಹಾಗಲ್ಲ. ಕೈ ಅವಳ ನಾಡಿಯ ಮೇಲೆ, ಕಣ್ಣು ಮಾನಿಟರಿನ ಮೇಲೆ, ಬಾಯಲ್ಲಿ ರೈಟ್.

ಮಾಬುಕಳ ಸೇತುವೆ ದಾಟಿದ ಮೇಲೆ ಉಸಿರು ಬದಲಾಯಿತು. ಮೊದಲು ಗೊರಕೆಯ ಹಾಗೆ. ಆಮೇಲೆ ಗೊರಕೆಯೂ ಇಲ್ಲ. ಮಾನಿಟರ್ ಕೂಗಲು ಶುರುಮಾಡಿತು. ಶರ್ಮಿಳಾ ಡ್ರೈವರಿಗೆ ಗಾಡಿ ಬದಿಗೆ ನಿಲ್ಲಿಸಲು ಹೇಳಿದಳು. ಪೈಪ್ ಹಾಕಿ ಗಂಟಲಿನ ಕಫ ಎಳೆದಳು. ಮಾಸ್ಕ್ ತೆಗೆದು ಕೈಯಲ್ಲಿ ಒತ್ತುವ ಒಂದು ರಬ್ಬರ್ ಚೀಲ ಬಾಯಿಗೆ ಕೊಟ್ಟಳು. ಒತ್ತಿದಳು, ಬಿಟ್ಟಳು. ಒತ್ತಿದಳು, ಬಿಟ್ಟಳು.

ಗಾಡಿ ನಿಂತದ್ದು ಬ್ರಹ್ಮಾವರದಲ್ಲಿ.

ಪರದೆಯ ಸಂದಿಯಲ್ಲಿ ಬಸ್ ಸ್ಟಾಪ್ ಕಾಣುತ್ತಿತ್ತು. ಶಾಲೆಯ ಮಕ್ಕಳು, ಹೂವಿನವಳು, ಎಳನೀರಿನವನು. ಎಲ್ಲರೂ ನಮ್ಮ ಕಡೆಯೇ ನೋಡುತ್ತಿದ್ದರು. ನಿಂತ ಗಾಡಿಯಿಂದ ಯಾರಾದರೂ ಇಳಿಯಲೇಬೇಕು ಎಂದು ನನಗೆ ಗೊತ್ತು. ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

"ಕರೀನಿ! ಎಂತಕ್ ನಿಲ್ಸದ್ರಿ?" ಶರ್ಮಿಳಾ ತಲೆ ಎತ್ತದೆ ಕೂಗಿದಳು. ಅವಳ ಹಣೆಯಿಂದ ಬೆವರು ಇಳಿಯುತ್ತಿತ್ತು.

ನಾನು ಕರೆದೆ. ಸರ್ವಿಸಿನಲ್ಲಿ ಎಂದೂ ಅಷ್ಟು ಗಟ್ಟಿಯಾಗಿ ಕರೆದಿರಲಿಲ್ಲ.

"ಬ್ರಹ್ಮಾವರ! ಬ್ರಹ್ಮಾವರ! ಇಳಿವೋರ್ ಯಾರಿದ್ರಿ?"

ಒತ್ತಿದಳು. ಬಿಟ್ಟಳು.

"ಹ್ವಾಯ್! ಇಳಿವೋರ್ ಯಾರಿದ್ರಿ?"

ಒತ್ತಿದಳು. ಬಿಟ್ಟಳು. ಒಂದು ಸಲ ನಿಂತು, ಎದೆಯನ್ನೇ ನೋಡಿದಳು. ಎದೆ ತಾನಾಗಿ ಏರಿತು.

"ಯಾರೂ ಇಲ್ಲ," ಎಂದಳು ಶರ್ಮಿಳಾ. ಅವಳ ಸ್ವರ ಒಡೆದಿತ್ತು. "ಇಲ್ಲ್ ಯಾರೂ ಇಳೂದಿಲ್ಲ. ರೈಟ್! ಹೋಪ!"

ಗಾಡಿ ಹೊರಟಿತು.

ದೊಡ್ಡ ಆಸ್ಪತ್ರೆಯಲ್ಲಿ ಅವಳನ್ನು ಓಡಿಸಿಕೊಂಡು ಒಳಗೆ ಕರೆದೊಯ್ದರು. ಪ್ರತಿಮಾ ಬಂದಿದ್ದಳು, ಸಹಿ ಹಾಕಿದಳು, ಆಪರೇಷನ್ ಆಯಿತು. ಶರ್ಮಿಳಾ ತಿರುಗಿ ಹೋಗಬೇಕಿತ್ತು, ಆಂಬುಲೆನ್ಸ್ ಕಾಯುತ್ತಿತ್ತು. ಹೋಗುವ ಮೊದಲು ಐಸಿಯು ಬಾಗಿಲಲ್ಲಿ ಅಲ್ಲಿಯ ನರ್ಸಿಗೆ ಏನೋ ಹೇಳುತ್ತಿದ್ದಳು. ನನ್ನ ಹತ್ತಿರ ಬಂದು, "ಪಾದದ್ ಪಟ್ಟಿ ನೀರ್ ಮುಟ್ಸ್ಬೇಡಿ" ಎಂದಳು. ಅಷ್ಟೇ. ನಾನು ಥ್ಯಾಂಕ್ಸ್ ಹೇಳಲಿಲ್ಲ. ಹೊಳೆಯಲೇ ಇಲ್ಲ.

ಅವಳು ಅಲ್ಲಿ ಏನು ಹೇಳಿದ್ದಳೆಂದು ಮಾರನೆಯ ದಿನ ವಿಸಿಟಿಂಗ್ ಹೊತ್ತಿನಲ್ಲಿ ಗೊತ್ತಾಯಿತು. ಐಸಿಯುವಿನ ನರ್ಸುಗಳಲ್ಲಿ ಒಬ್ಬಳು ಕೇರಳದವಳು, ಕನ್ನಡ ಅರ್ಧಂಬರ್ಧ. ಅವಳು ನನ್ನ ಹೆಂಡತಿಯ ಕೆನ್ನೆ ಮೆಲ್ಲಗೆ ತಟ್ಟಿ, "ಹ್ವಾಯ್... ಹ್ವಾಯ್" ಎಂದು ಕರೆಯುತ್ತಿದ್ದಳು. ಕೊನೆಯಲ್ಲಿ ಸ್ವಲ್ಪ ಏರಿಸಿ ನಿಲ್ಲಿಸುವುದನ್ನೂ ಕಲಿತಿದ್ದಳು. ರಾಗ ಅಷ್ಟು ಸರಿ ಇರಲಿಲ್ಲ. ನನ್ನ ಹೆಂಡತಿಯನ್ನು ನಾನಲ್ಲದೆ ಬೇರೆಯವರು ಹಾಗೆ ಕರೆಯುವುದು ಕೇಳಿ ಹೊಟ್ಟೆಕಿಚ್ಚಾಗಬೇಕಿತ್ತು. ನಾನು ಕಂಬ ಹಿಡಿದುಕೊಂಡು ಅತ್ತೆ. ನಾನು ಇಲ್ಲದ ಹೊತ್ತಿನಲ್ಲಿ, ಆ ಬಿಳಿ ಬೆಳಕಿನಲ್ಲಿ, ಯಾರೋ ಅವಳನ್ನು ನಮ್ಮ ಮನೆಯ ಹೆಸರಿನಿಂದ ಕರೆಯುತ್ತಿದ್ದರು.

ವೆಂಟಿಲೇಟರ್ ತೆಗೆದರು. ಮತ್ತೆ ಹಾಕಿದರು. ಗಂಟಲಿಗೆ ಟ್ಯೂಬ್ ಬಂತು. ನಮ್ಮ ದಿನಚರಿ ಎಂದರೆ ಐಸಿಯು ಹೊರಗಿನ ಕುರ್ಚಿ, ಕ್ಯಾಂಟೀನಿನ ಇಡ್ಲಿ, ಗಾಜಿನ ಬಾಗಿಲು. ಪ್ರತಿಮಾ ಮೌನವಾಗಿ ಜಪ ಮಾಡುತ್ತಿದ್ದಳು. ನಾನು ಪಕ್ಕದ ಕುರ್ಚಿಯವರಿಗೆ ಬಸ್ಸಿನ ಕಥೆ ಹೇಳುತ್ತಿದ್ದೆ. ಅವರು ನಕ್ಕರೆ ಒಳಗೆ ಏನೋ ಸರಿಯಾಗುತ್ತದೆ ಎಂಬ ಮೂಢನಂಬಿಕೆ ನನ್ನದು.

ಒಂದು ಸಂಜೆ ಅವಳು ಕಣ್ಣು ಪೂರ್ತಿ ಬಿಟ್ಟಿದ್ದಳು. ನಾನು ಬಾಗಿಲಲ್ಲಿ ನಿಂತು ಆಚೀಚೆ ನೋಡಿ, ಯಾರೂ ಇಲ್ಲದ್ದನ್ನು ಕಂಡು, ಹಾಫ್ ಟಿಕೆಟ್ ಮುಖ ಮಾಡಿದೆ. ಅವಳು ನೋಡಿದಳು. ಬಹಳ ಹೊತ್ತು ನೋಡಿದಳು. ಎಡಗೈ ಎದ್ದು ಬಾಯಿಯ ಕಡೆ ಹೋಯಿತು. ಟ್ಯೂಬಿನ ತುರಿಕೆಗೋ, ನಗು ಮುಚ್ಚಲಿಕ್ಕೋ, ನನಗೆ ಗೊತ್ತಿಲ್ಲ. ಮುಖದ ಒಂದು ಬದಿ ಮೊದಲೇ ಬಿದ್ದಿತ್ತು, ಇನ್ನೊಂದು ಬದಿ ಸ್ವಲ್ಪ ಏರಿತು. ಕಾಯಿಲೆ ಎಲ್ಲಿಗೆ ಮುಗಿದು ಹ್ವಾಯ್ ಎಲ್ಲಿಂದ ಶುರು ಎಂದು ಹೇಳುವಷ್ಟು ಬುದ್ಧಿ ನನಗಿಲ್ಲ. ಆದರೆ ಪಾತ್ರೆಯ ಸದ್ದು ಕೇಳಿಸಿದ ಹಾಗಾಯಿತು.

ಆಮೇಲೆ ಶ್ವಾಸಕೋಶಕ್ಕೆ ನ್ಯುಮೋನಿಯಾ ಬಂತು. ಡಾಕ್ಟರು ನಮ್ಮನ್ನು ಕೂರಿಸಿ ಮಾತಾಡಿದರು. ಒಂದು ಬೆಳಗ್ಗೆ, ಬಿಸಿಲು ಚೆನ್ನಾಗಿ ಬಿದ್ದಿದ್ದ ಹೊತ್ತಿನಲ್ಲಿ, ನಮ್ಮಿಬ್ಬರನ್ನೂ ಒಳಗೆ ಕರೆದರು. ಪ್ರತಿಮಾ "ಅಮ್ಮಾ" ಎಂದಳು. ನಾನು ಹ್ವಾಯ್ ಎಂದೆ.

ಅವಳು ತಿರುಗಲಿಲ್ಲ.

ಹೋಗುವವರನ್ನು ಕಳಿಸುವುದು ನನ್ನ ಕಸುಬು. ರೈಟ್ ಎನ್ನಬೇಕಿತ್ತು. ಬಾಯಿ ಬರಲಿಲ್ಲ.

ಉತ್ತರಕ್ರಿಯೆಯ ಬೊಜ್ಜ ಮುಗಿಯಿತು. ನೆಂಟರು ಹೋದರು. ಪ್ರತಿಮಾ ಅಮಾಸೆಬೈಲಿಗೆ ಬಂದು ಇರಿ ಎಂದಳು, ಬತ್ತೆ ಎಂದು ಹೇಳಿ ಕಳಿಸಿದೆ. ಅಟ್ಟದಲ್ಲಿ ಒಂದು ಡಬ್ಬಿ ಇತ್ತು. ಬೇಸಗೆಯಲ್ಲಿ ಅವಳು ಒಣಗಿಸಿಟ್ಟ ಹಲಸಿನ ಹಪ್ಪಳ. ಅದರಲ್ಲಿ ಅರ್ಧ ಕಟ್ಟಿಕೊಂಡು ಕುಂದಾಪುರಕ್ಕೆ ಹೊರಟೆ.

ಆಸ್ಪತ್ರೆಯ ಗೇಟಿನ ತನಕ ಸುಮ್ಮನೇ ಹೋದೆ. ಆಮೇಲೆ ಹಳೇ ಚಾಳಿ. ಎದೆ ಹಿಡಿದುಕೊಂಡು, ಕುಂಟುತ್ತ, "ಅಯ್ಯೋ, ಸಿಸ್ಟರ್, ಸತ್ತೆ" ಎಂದು ಕ್ಯಾಶುವಾಲ್ಟಿಯ ಬಾಗಿಲಲ್ಲಿ ನಿಂತೆ. ಶರ್ಮಿಳಾ ತಿರುಗಿ ನೋಡಿದಳು. ಮುಖ ನೋಡಲಿಲ್ಲ, ಕೆಳಗೆ ನೋಡಿದಳು.

"ಹ್ವಾಯ್, ಚಪ್ಲಿ ಹಾಕಂಡ್ ಬಂದಿರಿ ಅಂದ್ರೆ ನಿಮ್ಗ್ ಎಂತದೂ ಆಯ್ಲಿಲ್ಲ."

ನಾನು ಸೋತೆ. ನಗುತ್ತ ಹಪ್ಪಳದ ಕಟ್ಟು ಕೊಟ್ಟೆ. ಯಾರು ಮಾಡಿದ್ದೆಂದು ಹೇಳುವ ಮೊದಲೇ ಅವಳಿಗೆ ತಿಳಿಯಿತು. ಅವಳ ನಗು ನಿಂತಿತು.

"ಯಾವಾಗ?"

ಹೇಳಿದೆ. ಅವಳು ನನ್ನನ್ನು ಅದೇ ಬೆಂಚಿನಲ್ಲಿ ಕೂರಿಸಿದಳು, ಪಕ್ಕದಲ್ಲಿ ಕುಳಿತಳು. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತು ಬೇರೆಯೇ ಇತ್ತು. ನೀನು ದೇವರು, ನಿನ್ನಿಂದ ಅವಳು ನಮಗೆ ಇಷ್ಟು ದಿನ ಹೆಚ್ಚು ಸಿಕ್ಕಿದಳು, ಹೀಗೆಲ್ಲ. ಬಾಯಿಗೆ ಬಂದದ್ದು ಒಂದು ಪ್ರಶ್ನೆ.

"ಅವತ್ತ್ ಗಾಡಿಯೊಳ್ಗೆ, ಕೋಟೇಶ್ವರ ಬಪ್ಪೊತ್ತಿಗೆ, ಅದಕ್ಕೆ ಗೊತ್ತಾಯ್ದಾ? ಕರ್ದದ್ ನಾನ್ ಅಂದ್?"

ಅವಳು ಕೂಡಲೇ ಹೌದು ಎನ್ನಲಿಲ್ಲ. ಯೋಚಿಸಿದಳು.

"ಅದ್ ನಂಗ್ ಹೇಳುಕ್ ಬತ್ತಿಲ್ಲೆ. ಆದ್ರೆ ಬಾಕಿ ಯಾವ ಸ್ಟಾಪಿಗೂ ಅವ್ರ್ ಕೈ ಎದ್ದಿಲ್ಲೆ. ಅಲ್ಲ್ ಮಾತ್ರ ಎದ್ದದ್. ಅದನ್ ನಾನ್ ಹಿಡ್ಕಂಡಿದ್ದೆ. ಅಷ್ಟ್ ನಂಗ್ ಗೊತ್ತಿತ್ತ್."

ನನಗೆ ಅಷ್ಟು ಸಾಕಿತ್ತು. ಅದಕ್ಕಿಂತ ಹೆಚ್ಚು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಒಳಗೆ ಯಾರನ್ನೋ ಕರೆತಂದರು. ಅವಳು ಎದ್ದಳು. ಹಪ್ಪಳದ ಕಟ್ಟನ್ನು ಮೇಜಿನ ಒಳಗೆ ಜೋಪಾನವಾಗಿ ಇಟ್ಟಳು. ನಾನು ಹೊರಡುವಾಗ ಹಿಂದಿನಿಂದ ಕರೆದಳು, "ಹ್ವಾಯ್." ಕೊನೆಯಲ್ಲಿ ಸ್ವಲ್ಪ ಏರಿಸಿ. ತಿರುಗಿದೆ. ಕೈ ಎತ್ತಿದಳು. ನನ್ನದೇ ಆ ರಾಗದಲ್ಲಿ ನನ್ನನ್ನು ಕರೆಯುವವರು ಇನ್ನು ಅವಳೊಬ್ಬಳೇ.

ಬಸ್ಸಿನಲ್ಲಿ ಎಡಬದಿಯ ಸೀಟು ಸಿಕ್ಕಿತು. ಪಕ್ಕ ಖಾಲಿ. ಹೊಸ ಕಂಡಕ್ಟರ್, ಎಳೆ ಸ್ವರ. "ಕೋಟೇಶ್ವರ, ಕೋಟೇಶ್ವರ" ಎಂದು ಕರೆದ. ಚೆನ್ನಾಗಿಯೇ ಕರೆದ, ನನ್ನಷ್ಟು ಅಲ್ಲ.

ಎಲ್ಲರೂ ಇಳಿದ ಮೇಲೆ ಕೊನೆಗೆ ಇಳಿದೆ. ಕೆಳಗೆ ನಿಂತು ಬಾಗಿಲಿನ ಕಂಬಿ ಹಿಡಿದುಕೊಂಡೆ. ಮೆಟ್ಟಿಲು ಖಾಲಿ ಇತ್ತು. ಡ್ರೈವರ್ ಹಾರ್ನ್ ಹೊಡೆದ.

"ಅಜ್ಜ, ಇನ್ನ್ಯಾರಾರೂ ಇಳೂಕಿತ್ತಾ?" ಎಂದು ಕಂಡಕ್ಟರ್ ಕೇಳಿದ.

ನಾನು ಕಾದೆ. ಚೀಲ ಹಿಡಿದು, ಸೆರಗು ಸುತ್ತಿ, ಒಂದು ಕಾಲು, ಆಮೇಲೆ ಇನ್ನೊಂದು. ಅವಳಿಗೆ ಬೇಕಾದಷ್ಟು ಹೊತ್ತು ಕಾದೆ. ಎರಡೂ ಕಾಲು ನೆಲ ಮುಟ್ಟಿದವು ಎನಿಸಿದ ಮೇಲೆ ಕಂಬಿಯಿಂದ ಕೈ ತೆಗೆದೆ.

"ರೈಟ್," ಎಂದೆ.